ಶ್ರಮವೀರೆಗೊಂದು ಶಾಲು

ಅಮೆರಿಕದ ಕ್ಯಾರಿಯಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಒಂದು ನಿಯಮವಿತ್ತು. ಮನೆಯಲ್ಲಿ ಕೂತು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರಿದ್ದರೆ, ಮೂರು ಮಕ್ಕಳವರೆಗೆ ಆಫೀಸಿನವರು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಅದಕ್ಕಿಂತ ಹೆಚ್ಚಾದರೆ ಅದು ವ್ಯಾಪಾರ. ವ್ಯಾಪಾರ ಮಾಡುವವರು ಮನೆ ಖಾಲಿ ಮಾಡಬೇಕು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಇದನ್ನು ನಮ್ಮ ಎದುರು ಮನೆಯ ರಷ್ಯದ ಅಜ್ಜಿಗೆ ಮೂರು ಬೆರಳೆತ್ತಿ ವಿವರಿಸಿದಾಗ ನಾನೂ ಅಲ್ಲೇ ನಿಂತಿದ್ದೆ. ಅಜ್ಜಿಯೂ ಮೂರು ಬೆರಳೆತ್ತಿ ತಲೆಯಾಡಿಸಿದರು. ಎರಡು ಮಹಾಶಕ್ತಿಗಳ ನಡುವಿನ ಒಪ್ಪಂದಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದೊಂದೇ. ಅದನ್ನು ಮುರಿದವರು ಆ ಇಬ್ಬರೂ ಅಲ್ಲ, ಕನ್ನಡಿಗರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹೊಸ ಶತಮಾನ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಇಸವಿ ಮರೆತುಬಿಡುತ್ತವೆ ಎಂಬ ಭಯದ ಮೇಲೆ ನಮ್ಮಂಥವರ ವೀಸಾ ನಿಂತಿತ್ತು. ನನ್ನ ಕೆಲಸ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮನ್ನು ಓಡಿಸಿ, ಏನಾಯಿತೋ ಅಷ್ಟನ್ನೇ, ಆದ ಕ್ರಮದಲ್ಲೇ ಬರೆದಿಡುವುದು. ಅಜ್ಜಿಯ ವಿಷಯವನ್ನೂ ಹಾಗೇ ಬರೆಯಲು ನೋಡುತ್ತೇನೆ. ಇಷ್ಟು ವರ್ಷಗಳ ಮೇಲೂ ನಡುವೆ ಕೈ ನಿಲ್ಲುತ್ತದೆ.

ಅಜ್ಜಿ ಮಗಳೊಂದಿಗೆ ಇದ್ದರು. ಮಗಳು ಒಂದು ಪ್ರಯೋಗಾಲಯದಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಳು. ದೇಶವೇ ಕರಗಿಹೋದ ಮೇಲೆ ಇಬ್ಬರೂ ಇಲ್ಲಿಗೆ ಬಂದವರು. ಆ ಎರಡು ಕೋಣೆಯ ಬಾಡಿಗೆ ಮನೆ ಬಿಟ್ಟರೆ ಅವರಿಗೆ ಎಲ್ಲೂ ಏನೂ ಇರಲಿಲ್ಲ. ಅಜ್ಜಿ ನೋಡಿಕೊಳ್ಳುತ್ತಿದ್ದ ಮೂವರಲ್ಲಿ ಒಬ್ಬಳು ನನ್ನ ಮಗಳು. ಇನ್ನೊಬ್ಬ, ಫಾರ್ಮಸಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗೆಳತಿಯ ಮಗ. ಅವಳದು ಬೆಂಗಳೂರಿನ ಮುಸ್ಲಿಂ ಕುಟುಂಬ. ಮೂರನೆಯವನು ನಮ್ಮೂರಿನ ಕನ್ನಡ ಕೂಟದ ಅಧ್ಯಕ್ಷರ ಮೊಮ್ಮಗ. ಮಕ್ಕಳಿಂದ ಅಜ್ಜಿ ಮೂರು ಕನ್ನಡ ಪದ ಕಲಿತಿದ್ದರು: ಬಾ, ಬೇಡ, ಸಾಕು. ಒಂದು ಮನೆ ನಡೆಸಲು ಅಷ್ಟು ಭಾಷೆ ಧಾರಾಳವಾಯಿತು.

ಅಧ್ಯಕ್ಷರನ್ನು ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಯೂನಿಯನ್ ಮುಖಂಡರಾಗಿದ್ದು ನಿವೃತ್ತರಾದವರು. ಈಗ ಮಗನ ಮನೆಯಲ್ಲಿ, ಎರಡು ಕಾರಿನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕೂತು, ಬಂಡವಾಳಶಾಹಿಯ ಅಂತ್ಯವನ್ನು ಎದುರು ನೋಡುತ್ತಿದ್ದರು. ಸೋವಿಯತ್ತಿನವರು ಕನ್ನಡದಲ್ಲೇ ಅಚ್ಚುಹಾಕಿಸಿ ಹಂಚುತ್ತಿದ್ದ ನುಣುಪು ಕಾಗದದ ಪತ್ರಿಕೆಗಳು ನಮ್ಮ ಕಾಲದವರಿಗೆ ನೆನಪಿರಬಹುದು. ನಮ್ಮ ಮನೆಯಲ್ಲಿ ಅವು ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕಲು ಬರುತ್ತಿದ್ದವು. ಟ್ರ್ಯಾಕ್ಟರ್ ಮೇಲೆ ನಗುತ್ತಾ ಕೂತ ಹೆಂಗಸಿನ ಚಿತ್ರದೊಳಗೆ ನಾನು ಒಂದು ವರ್ಷ ಪೂರ್ತಿ ಬೀಜಗಣಿತ ತಪ್ಪು ಮಾಡಿದ್ದೇನೆ. ಆ ಪತ್ರಿಕೆಗಳನ್ನು ಓದುತ್ತಿದ್ದವರೂ ಇದ್ದರು ಎಂದು ನನಗೆ ಗೊತ್ತಾದದ್ದು ಅಂಕಲ್ ಸಿಕ್ಕ ಮೇಲೆ.

ಒಂದು ಸಂಜೆ ಮೊಮ್ಮಗನನ್ನು ಕರೆದೊಯ್ಯಲು ಬಂದ ಅಂಕಲ್, ರಷ್ಯದಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಅಜ್ಜಿಯನ್ನು ಕೇಳಿದರು. ನೇಯ್ಗೆ ಮಿಲ್ಲಿನಲ್ಲಿ, ಎಂದರು ಅಜ್ಜಿ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅಂಕಲ್ ಬಿಡಲಿಲ್ಲ. ಒಬ್ಬರು ಎಷ್ಟು ಮಗ್ಗ ನೋಡುತ್ತಿದ್ದರು, ನೀವು ಎಷ್ಟು ನೋಡುತ್ತಿದ್ದಿರಿ, ಪದಕ ಬಂದಿತ್ತೇ ಎಂದು ಒಂದರ ಹಿಂದೊಂದು ಕೇಳಿದರು. ಎಲ್ಲರೂ ನೋಡುತ್ತಿದ್ದುದರ ಎರಡರಷ್ಟು ನಾನು ನೋಡಿದೆ, ಹೌದು, ಪದಕ ಬಂತು ಎಂದು ಅಜ್ಜಿ ಮಗುವಿನ ಶೂ ಕಟ್ಟುತ್ತಾ ಹೇಳಿದರು. ಅಂಕಲ್ ಅಲ್ಲೇ ಬಾಗಿಲಿಗೆ ಒರಗಿಕೊಂಡರು.

"ಅಮ್ಮಾ," ಎಂದರು ನನ್ನ ಕಡೆ ತಿರುಗಿ, "ಯಾರ ಹತ್ರ ಮಗೂನ ಬಿಟ್ಟಿದೀಯ ಗೊತ್ತಾ ನಿಂಗೆ? ಶ್ರಮವೀರೆ ಕಣಮ್ಮ ಇವ್ರು! ಇಂಥೋರ ಫೋಟೋ ನಾವು ಯೂನಿಯನ್ ಆಫೀಸ್‌ನಲ್ಲಿ ಫ್ರೇಮ್ ಹಾಕ್ಸಿ ಇಟ್ಕೊಂಡಿದ್ವಿ. ಅಂಥೋರ ಕೈಲಿ ನಾವು ಡೈಪರ್ ಚೇಂಜ್ ಮಾಡಿಸ್ತಾ ಇದೀವಿ!"

ಅಜ್ಜಿಗೆ ಮಾತು ಅರ್ಥವಾಗಲಿಲ್ಲ. ಆದರೆ ಆ ದನಿ ಅರ್ಥವಾಯಿತು ಎಂದು ನನಗನ್ನಿಸಿತು. ಅಂಕಲ್ ಹೋದ ಮೇಲೆ ಅವರು ಬಾಗಿಲ ಚಿಲಕ ಹಾಕಿ, ಹಾಕಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿದರು.

ಮರುದಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಅಜ್ಜಿ ನನಗೆ ಪದಕದ ಕಥೆ ಹೇಳಿದರು. ಅವರ ಇಂಗ್ಲಿಷಿನಲ್ಲಿ ನಾಮಪದಗಳೇ ಹೆಚ್ಚು, ಉಳಿದದ್ದನ್ನು ಕೈಯಲ್ಲಿ ತೋರಿಸುತ್ತಿದ್ದರು. ನಾನು ಗ್ರಹಿಸಿದ್ದನ್ನು ಕನ್ನಡದಲ್ಲಿ ಜೋಡಿಸಿ ಹೇಳುತ್ತಿದ್ದೇನೆ.

ದಾಖಲೆ ಮಾಡುವ ದಿನವನ್ನು ಪಕ್ಷದ ಸಮಿತಿ ಮೊದಲೇ ಗೊತ್ತುಮಾಡಿತ್ತು. ಅದಕ್ಕೂ ಮುಂಚಿನ ವಾರ ಅಜ್ಜಿಯ ಮಗ್ಗಗಳನ್ನೆಲ್ಲ ಬಿಚ್ಚಿ ಎಣ್ಣೆ ಹಾಕಿದರು. ಕಡಿಯದ ಒಳ್ಳೆಯ ನೂಲನ್ನು ಬೇರೆಯವರ ಪಾಲಿನಿಂದ ತೆಗೆದು ಅವರಿಗೆ ಕೊಟ್ಟರು. ಆ ದಿನ ಅವರ ಹಿಂದೆ ಇಬ್ಬರು ಹೆಂಗಸರು, ಕಡಿದ ಎಳೆ ಕಟ್ಟಲು. ಇನ್ನೊಬ್ಬಳು ಲಾಳಿ ತಂದುಕೊಡಲು. ಮೇಸ್ತ್ರಿಯೇ ನಿಂತು ಚಹಾ ಕುಡಿಸಿದ. ಫೋಟೋ ತೆಗೆಯುವವನು ಬಂದಾಗ ಆ ಮೂವರನ್ನೂ ಕಂಬದ ಹಿಂದೆ ಕಳಿಸಿ, ಇವರಿಗೆ ಹೊಸ ಬಿಳಿ ತಲೆವಸ್ತ್ರ ಕಟ್ಟಿ, ನಗು ಎಂದರು. ನಕ್ಕರು. ಪತ್ರಿಕೆಯಲ್ಲಿ ಒಬ್ಬಳೇ ಹೆಣ್ಣು, ಇಷ್ಟೊಂದು ಮಗ್ಗ, ಹೂವಿನಂಥ ನಗು.

"ಆಮೇಲೆ?" ಎಂದೆ.

"ಆಮೇಲೆ ಎಲ್ಲರಿಗೂ ಅದೇ ಲೆಕ್ಕ."

ಒಬ್ಬಳು ಮಾಡಬಹುದಾದರೆ ಎಲ್ಲರೂ ಮಾಡಬಹುದು ಎಂದು ಇಡೀ ಶೆಡ್ಡಿಗೆ ದಿನದ ಕೆಲಸ ಏರಿಸಿದರು. ನೂಲು ಹಳೆಯದೇ, ಮಗ್ಗ ಹಳೆಯದೇ, ಎಳೆ ಕಟ್ಟುವವರು ಯಾರೂ ಇಲ್ಲ. ಕಂಬದ ಹಿಂದೆ ನಿಂತಿದ್ದ ಆ ಮೂವರೂ ಅದನ್ನೇ ಮಾಡಬೇಕಾಯಿತು. ಕ್ಯಾಂಟೀನಿನಲ್ಲಿ ಅಜ್ಜಿ ಕೂತ ಮೇಜಿನಿಂದ ಅವರು ಎದ್ದುಹೋಗುತ್ತಿದ್ದರು. ಚಳಿಗಾಲದಲ್ಲೊಮ್ಮೆ ಇವರ ಬೂಟಿನೊಳಗೆ ಯಾರೋ ಮಗ್ಗದ ಗ್ರೀಸು ತುಂಬಿಟ್ಟಿದ್ದರು. ವರ್ಷಕ್ಕೆ ಹಲವು ಸಲ ವೇದಿಕೆ, ಹೂವು, ಚಪ್ಪಾಳೆ. ಪ್ರತಿ ಸಲವೂ ಸಮಿತಿಯವರು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ ಭಾಷಣ. ಭಾಷಣದ ಕೊನೆಗೆ ಮುಂದಿನ ಸಲ ಇನ್ನಷ್ಟು ಮಾಡುತ್ತೇನೆ ಎಂಬ ಪ್ರತಿಜ್ಞೆ.

"ಚಪ್ಪಾಳೆ ಕೆಟ್ಟದ್ದು," ಎಂದರು ಅಜ್ಜಿ, ಚಾಕು ಕೆಳಗಿಟ್ಟು. "ಚಪ್ಪಾಳೆ ಆದ ಮೇಲೆ ಲೆಕ್ಕ ಏರುತ್ತದೆ. ನನಗೆ ಇಲ್ಲಿ ಮೂರು. ಮೂರು ಒಳ್ಳೆಯದು. ಮೂರು ಇದ್ದರೆ ಮನೆ ಇದೆ."

ಅಷ್ಟರಲ್ಲಿ ಕನ್ನಡ ಕೂಟದ ಸಮಿತಿ ರಾಜ್ಯೋತ್ಸವದಂದು ಅವರಿಗೆ ಸನ್ಮಾನ ಮಾಡುವುದೆಂದು ಸರ್ವಾನುಮತದಿಂದ ತೀರ್ಮಾನಿಸಿತ್ತು. ಅದು ನನ್ನ ಗೆಳತಿಗೂ ನನಗೂ ಗೊತ್ತಾದಾಗ ಅಂಕಲ್ ಮನೆಗೆ ಇಬ್ಬರೂ ಹೋದೆವು.

"ಅಂಕಲ್, ಅವ್ರಿಗೆ ಇಷ್ಟ ಇಲ್ಲ," ಎಂದೆ. "ನನ್ಹತ್ರ ಹೇಳಿದಾರೆ."

"ಹೇಳೇ ಹೇಳ್ತಾರಮ್ಮ! ದೊಡ್ಡೋರೆಲ್ಲಾ ಹಾಗೇನೆ. ನಮ್ಮಲ್ಲೂ ಯಾರಾದ್ರೂ ಮೊದಲ್ನೇ ಸಲಕ್ಕೆ ಹೂಂ ಅಂದಿದಾರಾ ಸನ್ಮಾನಕ್ಕೆ? ಬೇಡ ಬೇಡ ಅಂತಾರೆ, ನಾವು ಬಲವಂತ ಮಾಡ್ಬೇಕು. ಅದೇ ಮರ್ಯಾದೆ."

"ಸಂಕೋಚ ಅಲ್ಲ ಅಂಕಲ್, ಹೆದರಿಕೆ. ಅಪಾರ್ಟ್‌ಮೆಂಟ್ ಆಫೀಸ್‌ಗೆ ಗೊತ್ತಾಗಿ, ಇನ್ನೂ ಮಕ್ಕಳು ಬಂದ್ರೆ ಮನೆ ಹೋಗತ್ತೆ ಅವ್ರದ್ದು."

"ಒಂದು ಶಾಲು ಹೊದಿಸಿದ್ರೆ ಮನೆ ಹೇಗಮ್ಮ ಹೋಗತ್ತೆ?"

"ಆಯ್ತು ಅಂಕಲ್," ಎಂದಳು ಗೆಳತಿ. "ಹಾರ ಹಾಕಿದ್ಮೇಲೆ ಡೈಪರ್ ಯಾರು ಚೇಂಜ್ ಮಾಡ್ತಾರೆ ಹೇಳ್ಬಿಡಿ. ಕಮಿಟಿನಾ?"

ಅಂಕಲ್ ನಕ್ಕರು. ಬೇಡ ಎಂದರೆ ಬೇಕು ಎಂದು ತಿಳಿಯುವ ಸಂಸ್ಕೃತಿಯಲ್ಲಿ ನಿಜವಾಗಿ ಬೇಡದವರು ಏನು ಹೇಳಬೇಕು ಎಂದು ಕಾರಿನಲ್ಲಿ ಬರುವಾಗ ಇಬ್ಬರೂ ಯೋಚಿಸಿದೆವು. ಅಷ್ಟರಲ್ಲಿ ಊಟಕ್ಕೆ ಬನ್ನಿ, ಮಕ್ಕಳ ಡ್ಯಾನ್ಸ್ ಇದೆ ಎಂದಷ್ಟೇ ಹೇಳಿ ಅಂಕಲ್ ತಾವೇ ಅಜ್ಜಿಯನ್ನು ಕರೆದುಬಿಟ್ಟಿದ್ದರು. ಹೋಗಬೇಡಿ, ವೇದಿಕೆ ಇದೆ ಎಂದು ನಾನು ಹೇಳಿದೆ. ಮೂರು ಮಕ್ಕಳ ಪೈಕಿ ಒಂದರ ತಾತ ಕರೆದಿದ್ದಾನೆ, ಹೋಗದಿದ್ದರೆ ಮಗು ಹೋಗುತ್ತದೆ, ಎಂದರು ಅಜ್ಜಿ. ಅವರ ಲೆಕ್ಕ ಅದು.

ರಾಜ್ಯೋತ್ಸವ ಒಂದು ಶಾಲೆಯ ಊಟದ ಹಾಲ್‌ನಲ್ಲಿ ನಡೆಯಿತು. ಶಾಲು ಅಟ್ಲಾಂಟದ ಹತ್ತಿರದ ನಾರ್‌ಕ್ರಾಸ್‌ನ ಅಂಗಡಿಯಿಂದ ಬಂದಿತ್ತು. ಮೈಸೂರು ಪೇಟ ಬಂದದ್ದು ವಾಷಿಂಗ್ಟನ್ನಿನಿಂದ. ಆಗ ಆ ಸೀಮೆಯ ಕನ್ನಡಿಗರಿಗೆಲ್ಲ ಒಂದೇ ಪೇಟವಿತ್ತು. ಅದು ಕಾರುಗಳ ಹಿಂದಿನ ಸೀಟಿನಲ್ಲಿ ಊರೂರು ಸುತ್ತಿ, ಸಾಧನೆ ಮಾಡಿದವರ ತಲೆ ಏರಿ ಇಳಿದು, ಮುಂದಿನ ವಾರಕ್ಕೆ ಇನ್ನೊಂದು ಊರು ಸೇರುತ್ತಿತ್ತು. ದಪ್ಪ ತಲೆಯ ಸಾಧಕರ ಅಳತೆಗೆ ಮಾಡಿದ್ದರಿಂದ ಅಜ್ಜಿಯ ಹಣೆಯಿಂದ ಜಾರಿ ಹುಬ್ಬಿನ ಮೇಲೆ ಕೂತಿತು. ಹಾರ ಹಾಕಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಮತ್ತೊಂದು ಹಾರ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದು, "ಸಾಕು, ಸಾಕು," ಎಂದರು.

"ಕನ್ನಡ! ಕನ್ನಡ ಮಾತಾಡಿದ್ರು!" ಎಂದು ಹಾಲ್ ಎದ್ದು ನಿಂತಿತು. ಅಷ್ಟು ಜೋರಾದ ಚಪ್ಪಾಳೆಯನ್ನು ನಾನು ಆ ಊರಿನಲ್ಲಿ ಮತ್ತೆ ಕೇಳಲಿಲ್ಲ. ಅಂಕಲ್ ಮೂರನೆಯ ಹಾರ ತರಿಸಿದರು.

ನೆನಪಿನ ಫಲಕವನ್ನೂ ಕೊಟ್ಟರು. ಸಮುದಾಯದ ಮಕ್ಕಳಿಗೆ ತಮ್ಮ ಮನೆಯಲ್ಲೇ ನೀಡುತ್ತಿರುವ ಅತ್ಯುತ್ತಮ ಸೇವೆಗಾಗಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿಸಿದ್ದರು. ಆಮೇಲೆ ಅಂಕಲ್ ಮೈಕನ್ನು ಅಜ್ಜಿಯ ಬಾಯಿಗೆ ಹಿಡಿದು, "ಎರಡು ಮಾತು," ಎಂದರು.

ನಾನು ಮುಂದಿನ ಸಾಲಿನಲ್ಲಿದ್ದೆ. ಕಂಡದ್ದನ್ನು ಹೇಳುತ್ತೇನೆ. ಅಜ್ಜಿಯ ಬೆನ್ನು ಸಾಮಾನ್ಯವಾಗಿ ಸ್ವಲ್ಪ ಬಾಗಿರುತ್ತಿತ್ತು. ಮೈಕ್ ಬಂದ ಕ್ಷಣ ಅದು ನೆಟ್ಟಗಾಯಿತು. ಎರಡೂ ಕೈ ಪಕ್ಕಕ್ಕೆ ಇಳಿದವು. ಗದ್ದ ಮೇಲೆ ಹೋಯಿತು. ಕಣ್ಣು ಹಾಲ್‌ನ ಕೊನೆಯಲ್ಲಿ ಬಾಗಿಲ ಮೇಲಿದ್ದ ಕೆಂಪು ದೀಪದ ಮೇಲೆ ನಿಂತಿತು. ಮತ್ತು ನಕ್ಕರು. ಮೂರು ವರ್ಷದಿಂದ ದಿನವೂ ನೋಡುತ್ತಿದ್ದ ಮುಖದಲ್ಲಿ ಆ ನಗುವನ್ನು ನಾನು ನೋಡಿರಲಿಲ್ಲ. ನನ್ನ ಬೀಜಗಣಿತದ ಪುಸ್ತಕದ ಮೇಲೆ ನೋಡಿದ್ದೆ. ಆಮೇಲೆ ಒಂದೇ ಉಸಿರಿನಲ್ಲಿ, ಗಟ್ಟಿಯಾದ ಎಳೆಯ ದನಿಯಲ್ಲಿ, ರಷ್ಯನ್ ಭಾಷೆಯಲ್ಲಿ ಮಾತಾಡತೊಡಗಿದರು. ಎಲ್ಲೂ ತಡವರಿಸಲಿಲ್ಲ.

ಪಾಳಿ ಮುಗಿಸಿ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತ್ತು. ಅಂಕಲ್ ಅವಳನ್ನು ವೇದಿಕೆಗೆ ಕರೆದು ಅನುವಾದಿಸಲು ಹೇಳಿದರು. ಈ ಮಹಾ ಗೌರವಕ್ಕೆ ಅಮ್ಮ ಕೃತಜ್ಞಳಂತೆ ಎಂದು ಅವಳು ಮೆಲ್ಲಗೆ ಹೇಳಿ ಮೈಕ್ ಹಿಂದಕ್ಕೆ ಕೊಟ್ಟಳು. ಆದರೆ ಅಂಕಲ್ ಆ ಪತ್ರಿಕೆಗಳನ್ನು ಓದಿದ್ದವರು.

"ಕೊನೇಲಿ ಪ್ರತಿಜ್ಞೆ ಇರ್ಬೇಕಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಅದನ್ನ ಹೇಳಮ್ಮ."

ಮಗಳು ತಾಯಿಯ ಕಡೆ ನೋಡಿದಳು. ತಾಯಿ ಇನ್ನೂ ಕೆಂಪು ದೀಪವನ್ನೇ ನೋಡುತ್ತಾ ನಗುತ್ತಿದ್ದರು. "ಈ ನಂಬಿಕೆಗೆ ಉತ್ತರವಾಗಿ, ಈಗ ಮಾಡುತ್ತಿರುವುದರ ಎರಡರಷ್ಟು ಮಾಡುತ್ತೇನೆ ಅಂತ ಮಾತು ಕೊಡ್ತಿದ್ದಾಳೆ," ಎಂದಳು.

"ಕೇಳಿದ್ರಾ! ಡಬಲ್!" ಎಂದು ಅಂಕಲ್ ಮೈಕಿನಲ್ಲಿ ಕೂಗಿದರು. "ಈಗ ಮೂರು ಮಕ್ಕಳನ್ನ ನೋಡ್ಕೋತಾ ಇದಾರೆ. ಇನ್ಮೇಲೆ ಆರು! ಇದು ಕಣ್ರೀ ಶ್ರಮ ಸಂಸ್ಕೃತಿ!"

ಸೋಮವಾರ ಬೆಳಿಗ್ಗೆ ನಾನು ಮಗಳನ್ನು ಬಿಡಲು ಹೋದಾಗ ಬಾಗಿಲಲ್ಲಿ ಇಬ್ಬರು ತಾಯಂದಿರು ಡೈಪರ್ ಚೀಲದೊಂದಿಗೆ ನಿಂತಿದ್ದರು. "ಮೊನ್ನೆ ಹೇಳಿದ್ರಲ್ಲ ರೀ, ಅದಕ್ಕೆ ಬಂದ್ವಿ," ಎಂದಳು ಒಬ್ಬಳು. ಮಧ್ಯಾಹ್ನದೊಳಗೆ ಮೂರನೆಯವಳೂ ಬಂದಳಂತೆ. ಆಗದು ಎಂದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಸಂಜೆ ಅಜ್ಜಿಗೆ ಹೇಳಿದೆ.

"ಮೈಕಿನಲ್ಲಿ ಹೇಳಿದೆ," ಎಂದರು.

"ಅದು ಇಲ್ಲಿ ಲೆಕ್ಕಕ್ಕಿಲ್ಲ."

"ಮೈಕಿನಲ್ಲಿ ಹೇಳಿದೆ," ಎಂದರು ಮತ್ತೆ. ಮೈಕಿನಲ್ಲಿ ಹೇಳಿ ಮಾಡದವರಿಗೆ ಅವರ ಮಿಲ್ಲಿನಲ್ಲಿ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಒಲೆ ಒರೆಸಲು ಶುರುಮಾಡಿದರು.

ಒಂದು ಮಗುವಾದರೂ ಕಡಿಮೆಯಾಗಲಿ ಎಂದು ನಾನು ರಜೆ ಹಾಕಿ ನನ್ನ ಮಗಳನ್ನು ಮನೆಯಲ್ಲಿಟ್ಟುಕೊಂಡೆ. ಮರುದಿನವೇ ಅವಳ ಜಾಗಕ್ಕೆ ಇನ್ನೊಂದು ಮಗು ಬಂತು. ಆರು ಎಂದರೆ ಆರು; ಅಂಕಲ್ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ದಿನಕ್ಕೊಮ್ಮೆ ಬಂದು ತಲೆ ಎಣಿಸಿ, ಪರಿಚಯದವರಿಗೆಲ್ಲ ಫೋನ್ ಮಾಡಿ ವರದಿ ಕೊಡುತ್ತಿದ್ದರು. ಅಂಕಲ್ ಮನೆಯವರು ಗಟ್ಟಿ ಮೊಸರು ಕಳಿಸಿದರು. ಫಲಕವನ್ನು ಗೋಡೆಗೆ ಹೊಡೆಯಲು ಅಂಕಲ್ ತಾವೇ ಸುತ್ತಿಗೆ ಹಿಡಿದು ಬಂದರು; ಅದು ಬಾಗಿಲು ತೆರೆದವರಿಗೆ ನೇರ ಕಾಣುವಂತಿರಬೇಕು ಎಂದು ಸೋಫಾ ಸರಿಸಿ ಜಾಗ ಹುಡುಕಿದರು.

ಒಬ್ಬನನ್ನು ಮಲಗಿಸುವಷ್ಟರಲ್ಲಿ ಇನ್ನೊಬ್ಬ ಏಳುತ್ತಿದ್ದ. ನಾನು ಕಂಡಾಗಲೆಲ್ಲ ಅಜ್ಜಿ ಕೋಣೆಯಿಂದ ಕೋಣೆಗೆ ಒಂದೇ ವೇಗದಲ್ಲಿ, ಎಲ್ಲೂ ನಿಲ್ಲದೆ, ಒಂದು ತೊಟ್ಟಿಲಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರುತ್ತಿದ್ದರು. ಮಗ್ಗಗಳ ನಡುವೆ ಹಾಗೆ ನಡೆಯುತ್ತಿದ್ದಿರಬೇಕು.

ಬೆಳಗಿನ ಹೊತ್ತು ಕಾರುಗಳು ಸಾಲುಗಟ್ಟಿದ್ದಕ್ಕೆ ಯಾರೋ ದೂರು ಕೊಟ್ಟರು. ಮ್ಯಾನೇಜರ್ ಹೆಂಗಸು ಬಾಗಿಲು ತಟ್ಟಿದಾಗ ನಾನು ಅಜ್ಜಿಯ ಅಡುಗೆಮನೆಯಲ್ಲಿ ಹಾಲು ಬಿಸಿಮಾಡುತ್ತಿದ್ದೆ. ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ನೆಲದ ಮೇಲಿದ್ದ ಮಕ್ಕಳನ್ನು ನೋಡಿದಳು, ಆಮೇಲೆ ನೇರವಾಗಿ ಕಾಣುವಂತೆ ತೂಗಿದ್ದ ಫಲಕವನ್ನು ಓದಿದಳು. ನಿಧಾನವಾಗಿ, ಪೂರ್ತಿಯಾಗಿ ಓದಿದಳು. "ಅಭಿನಂದನೆಗಳು," ಎಂದಳು ಅಜ್ಜಿಗೆ. ವ್ಯಂಗ್ಯವಿರಲಿಲ್ಲ, ಆ ಊರಿನವರು ಏನು ಓದಿದರೂ ಅಭಿನಂದಿಸುತ್ತಾರೆ. ಮರುದಿನ ಬಾಗಿಲಿಗೆ ನೋಟಿಸ್ ಅಂಟಿತ್ತು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು.

ಅದೇ ಸಂಜೆ ಎಲ್ಲ ತಾಯಂದಿರೂ ಬಂದು ಮಕ್ಕಳ ಚೀಲ, ಹಾಲಿನ ಬಾಟಲು ಎಲ್ಲವನ್ನೂ ತೆಗೆದುಕೊಂಡು ಹೋದರು. ನಾಳೆಯಿಂದ ಬೇರೆ ಏರ್ಪಾಡು ಮಾಡಿಕೊಳ್ಳಬೇಕಲ್ಲ ಎಂಬ ಅವಸರ ಅವರಿಗೆ. ನನ್ನ ಗೆಳತಿ ಮಾತ್ರ ಮ್ಯಾನೇಜರ್ ಆಫೀಸಿಗೆ ಹೋಗಿ ಒಂದು ಗಂಟೆ ವಾದಿಸಿ ಬಂದಳು. "ಬೋರ್ಡ್ ಹಾಕ್ಕೊಂಡು ಬಿಸಿನೆಸ್ ಮಾಡ್ತಿದ್ರಲ್ಲ ಅಂತಾಳೆ ಕಣೇ," ಎಂದಳು. "ಬೋರ್ಡ್ ಅವ್ರದ್ದಲ್ಲ, ನಮ್ಮ ಕನ್ನಡಾಭಿಮಾನಿಗಳದ್ದು ಅಂತ ಹೇಗ್ ಹೇಳೋದು ಇಂಗ್ಲಿಷ್‌ನಲ್ಲಿ?"

ಅಂಕಲ್ ಕುಗ್ಗಲಿಲ್ಲ. ಇದು ಬಂಡವಾಳಶಾಹಿಯ ಪಿತೂರಿ ಎಂದು ಸಮಿತಿ ಸಭೆ ಕರೆದು ಖಂಡನಾ ನಿರ್ಣಯ ಮಾಡಿಸಿದರು. ನಿರ್ಣಯವನ್ನು ಯಾರಿಗೆ ಕಳಿಸಬೇಕೆಂದು ಚರ್ಚೆಯಾಗಿ, ಕಳಿಸದೇ ಇಡಲು ತೀರ್ಮಾನವಾಯಿತು. ಆಮೇಲೆ ನನಗೆ ಫೋನ್ ಮಾಡಿದರು.

"ಅಮ್ಮಾ, ಹೋಗೋಕೆ ಮುಂಚೆ ಒಂದು ಬೀಳ್ಕೊಡುಗೆ ಮಾಡ್ಬೇಕು ಅಂತಿದೀವಿ. ಭಾನುವಾರ. ಪೇಟ ಅಟ್ಲಾಂಟದಲ್ಲಿದೆ, ತರಿಸ್ತಿದೀನಿ."

ಅಜ್ಜಿಗೆ ವಿಷಯ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಹೇಳದಿದ್ದರೆ ಅವರು ಮತ್ತೆ ಅಲ್ಲಿ ನಿಲ್ಲಬೇಕಾಗುತ್ತಿತ್ತು. ಅವರ ಮಗಳಿಗೆ ಪರಿಚಯದವರ ಮೂಲಕ ನಾರ್‌ಕ್ರಾಸ್ ಕಡೆ ಕೆಲಸ ಸಿಗುವಂತಿತ್ತು. ನೋಟಿಸಿನ ತಿಂಗಳು ಇನ್ನೂ ಉಳಿದಿತ್ತು. ಆದರೂ ಅವರು ಶನಿವಾರ ಬೆಳಿಗ್ಗೆಯೇ ಹೊರಟರು. ಮಂಚ, ಮೇಜು, ಮಕ್ಕಳ ಆಟಿಕೆ ಎಲ್ಲವನ್ನೂ ಬಾಡಿಗೆ ಲಾರಿಗೆ ಏರಿಸಲು ನನ್ನ ಗಂಡ, ಗೆಳತಿ, ನಾನು ಸೇರಿದೆವು. ಫಲಕವನ್ನು ಅಜ್ಜಿ ಗೋಡೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿದರು. ಎಸೆಯುತ್ತಾರೆ ಎಂದುಕೊಂಡಿದ್ದೆ. "ಇದನ್ನು ಎಸೆಯಬಾರದು, ಯಾರಾದರೂ ಕೇಳಲು ಬರುತ್ತಾರೆ," ಎಂದು ಮೂಟೆಯ ತಳಕ್ಕೆ ತುರುಕಿದರು. ಹೊಸ ವಿಳಾಸವನ್ನು ಯಾರಿಗೂ ಕೊಡಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಮೈಕ್ ಇಲ್ಲದೆಯೇ ಕೊಟ್ಟೆ.

ಭಾನುವಾರದ ಬೀಳ್ಕೊಡುಗೆ ಸನ್ಮಾನಿತರ ಗೈರುಹಾಜರಿಯಲ್ಲೇ ನಡೆಯಿತು. ಊಟ ಆರ್ಡರ್ ಆಗಿತ್ತು, ಪೇಟವೂ ಬಂದಿತ್ತು. ಕೊನೆಗೆ ಅಜ್ಜಿಯ ಪರವಾಗಿ ಅಂಕಲ್ ಅವರೇ ಶಾಲು ಹೊದ್ದು, ಪೇಟ ಧರಿಸಿ, ಆ ಮಹಾತಾಯಿಯ ಕೆಲಸವನ್ನು ನಿಲ್ಲಲು ಬಿಡುವುದಿಲ್ಲ, ಮುಂದುವರಿಸುತ್ತೇವೆ ಎಂದು ಮೈಕಿನಲ್ಲಿ ಘೋಷಿಸಿದರು. ಚಪ್ಪಾಳೆ ಬಿತ್ತು.

ಸೋಮವಾರ ಬೆಳಿಗ್ಗೆ ಅಂಕಲ್ ಬಾಗಿಲು ತೆರೆದಾಗ ಇಬ್ಬರು ತಾಯಂದಿರು ಡೈಪರ್ ಚೀಲದೊಂದಿಗೆ ನಿಂತಿದ್ದರಂತೆ. ವಾರ ಮುಗಿಯುವಷ್ಟರಲ್ಲಿ ಅವರ ಬೆನ್ನು ಹಿಡಿದುಕೊಂಡಿತು. ವಾಷಿಂಗ್ಟನ್ನಿನಲ್ಲಿದ್ದ ಇನ್ನೊಬ್ಬ ಮಗನ ಮನೆಗೆ ವಿಶ್ರಾಂತಿಗೆಂದು ಹೊರಟರು. ಹೊರಡುವ ಮುಂಚೆ ನನಗೆ ಫೋನ್ ಮಾಡಿ, ಸನ್ಮಾನದ ಫೋಟೋಗಳು ಬಂದಿವೆ, ಅಜ್ಜಿಗೆ ಕಳಿಸಬೇಕು, ವಿಳಾಸ ಇದೆಯೇ ಎಂದು ಕೇಳಿದರು.

"ಗೊತ್ತಿಲ್ಲ ಅಂಕಲ್," ಎಂದೆ.

"ಛೆ. ಅಂಥೋರ ವಿಳಾಸ ಇಟ್ಕೊಳ್ಬಾರ್ದೇನಮ್ಮ?"

ಒಂದು ಭಾನುವಾರ ಅಜ್ಜಿಗೆ ಫೋನ್ ಮಾಡಿದೆ. ಮನೆ ಚಿಕ್ಕದು, ಮಗಳಿಗೆ ಕೆಲಸ ದೊರೆತಿದೆ, ಅಲ್ಲಿನ ಆಫೀಸಿನವರು ಎರಡರವರೆಗೆ ಮಾತ್ರ ಸುಮ್ಮನಿರುತ್ತಾರೆ ಎಂದರು. ಯಾರಿಗಾದರೂ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

"ಈಗ ಎಷ್ಟು ಮಕ್ಕಳು?" ಎಂದೆ.

"ಎರಡು," ಎಂದರು, ಕೂಡಲೇ.

ಹಿಂದೆ ಯಾವುದೋ ಮಗು ಅಳುತ್ತಿತ್ತು, ಇನ್ನೊಂದು ನಗುತ್ತಿತ್ತು. ಅಷ್ಟರಲ್ಲಿ ಮತ್ತೊಂದು ಮಗುವಿನ ದನಿ ಕೇಳಿಸಿತು. ನಾನು ಮಾತು ಬದಲಿಸಿ ಅಲ್ಲಿ ಚಳಿ ಹೇಗಿದೆ ಎಂದು ಕೇಳಿದೆ.